ಅರಿವು ಅರಳುವ ವಯಸ್ಸಿನಲ್ಲಿ ಮರವೆಯ ಹೊಗೆ

ಕಳೆದ ಶ್ರಾವಣಮಾಸದಲ್ಲಿ ಗೃಹಸ್ಥರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಮಠಕ್ಕೆ ಬಂದಿದ್ದರು. ಆಚಾರವಂತರು, ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕಿಕೊಳ್ಳದವರು. ಹುಡುಗನಿಗೆ ಹದಿನಾರು ನಡೆಯುತ್ತಿತ್ತು. ಪ್ರಸಾದನಿಲಯದ ವಿದ್ಯಾರ್ಥಿಗಳಿಗೆ ಸಂಜೆಯ ಹೊತ್ತು ಪಾಠ ಹೇಳುವ ನಾನು ಆಗ ಅಲ್ಲಿಯೇ ಇದ್ದುದರಿಂದ ಆ ಮಾತುಕತೆಗೆ ಸಾಕ್ಷಿಯಾಗಬೇಕಾಯಿತು. ಹುಡುಗನ ಪುಸ್ತಕದ ಚೀಲದಲ್ಲಿ ಗಾಂಜಾದ ಪೊಟ್ಟಣ ಸಿಕ್ಕಿತ್ತು. ವರ್ಷವೊಂದರಿಂದ ಸೇದುತ್ತಿದ್ದನಂತೆ. ತಂದೆ ತೀರ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು: “ಇವನು ಆಚಾರಭ್ರಷ್ಟ. ಇವನನ್ನು ಮನೆಯಲ್ಲಿಟ್ಟುಕೊಂಡರೆ ಮನೆಯೇ ಕೆಟ್ಟೀತು. ಹೊರಗೆ ಹಾಕುತ್ತೇನೆ.” ಹುಡುಗನೂ ಸುಮ್ಮನಿರಲಿಲ್ಲ. “ಇದು ಒಂದು ಸೊಪ್ಪು, ಸಾರಾಯಿಯಲ್ಲ; ಶಿವನಿಗೇ ಪ್ರಿಯವಾದದ್ದೆಂದು ಎಲ್ಲರೂ ಹೇಳುತ್ತಾರೆ; ಅಲ್ಲದೆ ನನ್ನ ದೇಹ ನನ್ನದು, ಆರಿಸಿಕೊಂಡವನು ನಾನು” ಎಂದನು.

ತಂದೆಯೂ ಮಗನೂ ಒಂದು ವಿಷಯದಲ್ಲಿ ಒಂದೇ ಮಾತನಾಡುತ್ತಿದ್ದರೆಂಬುದು ನನಗೆ ಆಮೇಲೆ ಹೊಳೆಯಿತು. ಹುಡುಗನು ಬುದ್ಧಿಪೂರ್ವಕವಾಗಿ ಆರಿಸಿಕೊಂಡನೆಂದು ಇಬ್ಬರೂ ನಂಬಿದ್ದರು. ಒಬ್ಬರು ಅದನ್ನು ಪಾಪವೆಂದರು, ಇನ್ನೊಬ್ಬನು ಹಕ್ಕೆಂದನು. ಅಷ್ಟೇ ಭೇದ. ಆರಿಸುವವನು ನಿಜವಾಗಿ ಯಾರು, ಆ ವಯಸ್ಸಿನಲ್ಲಿ ಆರಿಸುವ ಶಕ್ತಿ ಎಷ್ಟು ಬೆಳೆದಿರುತ್ತದೆ, ಆ ಶಕ್ತಿಯನ್ನೇ ಕದಡುವ ವಸ್ತುವನ್ನು ಆರಿಸಿಕೊಳ್ಳುವುದೆಂದರೆ ಏನು, ಈ ಪ್ರಶ್ನೆಗಳನ್ನು ಸ್ವಲ್ಪ ವಿಚಾರಿಸಿ ನೋಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಶಿವನ ಹೆಸರಿನ ವಾದವನ್ನು ಎತ್ತಿಕೊಳ್ಳುತ್ತೇನೆ. ಏಕೆಂದರೆ ನಮ್ಮ ಮನೆಗಳಲ್ಲಿ ಬಾಲಕರ ಬಾಯಿಂದ ಇದೇ ಮೊದಲು ಬರುತ್ತದೆ. ಉತ್ತರದೇಶದಲ್ಲಿ ಶಿವರಾತ್ರಿಗೆ ಭಂಗಿಯನ್ನು ಅರೆದು ಕುಡಿಯುವ ರೂಢಿ ಹಳೆಯದು. ನಮ್ಮ ನಾಡಿನಲ್ಲಿಯೂ, ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರನ ಸನ್ನಿಧಿಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸೇವಿಸುವ ಪದ್ಧತಿಯುಂಟೆಂದು 2020ರಲ್ಲಿ ಪತ್ರಿಕೆಗಳು ಬರೆದಿದ್ದವು. ಅಂಥ ರೂಢಿಗಳನ್ನು ಇಲ್ಲಿ ಕುಳಿತು ಹಳಿಯುವುದು ನನ್ನ ಕೆಲಸವಲ್ಲ. ಆದರೆ ಶರಣರ ಮಾರ್ಗದಲ್ಲಿ ಪ್ರಸಾದವೆಂಬ ಮಾತಿಗೆ ಒಂದು ಖಚಿತವಾದ ಅರ್ಥವಿದೆ. ಲಿಂಗಕ್ಕೆ ಅರ್ಪಿತವಾದುದೇ ಪ್ರಸಾದ. ಅರ್ಪಿಸುವವನು ಎಚ್ಚರದಿಂದಿದ್ದರೆ ಮಾತ್ರ ಅದು ಅರ್ಪಣ. ಅರ್ಪಿಸುವ ಎಚ್ಚರವನ್ನೇ ಕಳೆಯುವ ವಸ್ತುವನ್ನು ಅರ್ಪಿಸುವುದು ಹೇಗೆ? ಪುರಾಣದ ಶಿವನೂ ಹಾಲಾಹಲವನ್ನು ಕಂಠದಲ್ಲಿ ತಡೆದು ನಿಲ್ಲಿಸಿದನೇ ಹೊರತು ಅದರಿಂದ ಮತ್ತನಾಗಲಿಲ್ಲ. ಹೆಂಡ ಮಾರುವುದೇ ಕಾಯಕವಾಗಿದ್ದ ಮಾರಯ್ಯನು ಕೂಡ ಕಲ್ಯಾಣದ ಶರಣರ ನಡುವೆ ವಚನಕಾರನಾಗಿ ನಿಂತದ್ದು ಅಮಲಿನ ಬಲದಿಂದಲ್ಲ.

“ಹಿರಿಯರು ಸೇದಿದರೂ ಬಾಳಿದರು” ಎಂಬ ಇನ್ನೊಂದು ಮಾತಿದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆಂಗ್ಲರ ಸರಕಾರವು 1893ರಲ್ಲಿ ಒಂದು ಆಯೋಗವನ್ನು ನೇಮಿಸಿ, ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿತು. ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲವೆಂದು 1894ರಲ್ಲಿ ಆ ಆಯೋಗ ವರದಿ ಕೊಟ್ಟಿತು. ಆದರೆ ಅದರ ಲಕ್ಷ್ಯ ಮುಖ್ಯವಾಗಿ ಪ್ರಾಯಕ್ಕೆ ಬಂದವರ ಮೇಲಿತ್ತು. ಬೆಳೆಯುವ ಬಾಲಕನ ಮಿದುಳಿನಲ್ಲಿ ಏನಾಗುತ್ತದೆಂಬುದನ್ನು ಕಾಣುವ ಉಪಾಯ ಆಗ ಯಾರ ಬಳಿಯೂ ಇರಲಿಲ್ಲ. ವಸ್ತುವೂ ಆಗಿನದಲ್ಲ. ಎಲೆಯ ಭಂಗಿ ಬೇರೆ, ಹೂಗೊಂಚಲಿನ ಗಾಂಜಾ ಬೇರೆ, ಅದರ ಅಂಟಿನ ಚರಸ್ ಬೇರೆ. ನಮ್ಮ 1985ರ ಮಾದಕವಸ್ತು ಕಾಯಿದೆಯೂ ಈ ಭೇದವನ್ನು ಮಾಡಿ, ಹೂಗೊಂಚಲನ್ನೂ ಅಂಟನ್ನೂ ನಿಷೇಧಿಸಿ ಬರಿಯ ಎಲೆಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಮೆರಿಕದ ಪೋಲೀಸರು ವಶಪಡಿಸಿಕೊಂಡ ಗಾಂಜಾದಲ್ಲಿ ಅಮಲಿನ ಅಂಶವು 1995ರಲ್ಲಿ ನೂರಕ್ಕೆ ಸುಮಾರು 4 ಇದ್ದದ್ದು 2014ರ ವೇಳೆಗೆ ಸುಮಾರು 12 ಆಗಿತ್ತು. ಈಚೆಗೆ ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಹಿಡಿಯಲಾಗುತ್ತಿರುವ ‘ಹೈಡ್ರೋ ಗಾಂಜಾ’ ಎಂಬುದು ದೀಪದ ಬೆಳಕಿನಲ್ಲಿ, ಮಣ್ಣಿಲ್ಲದೆ ಬೆಳೆಸಿದ, ಇನ್ನೂ ತೀಕ್ಷ್ಣವಾದ ಸರಕು. ಅಜ್ಜನ ಚಿಲುಮೆಯನ್ನು ಮೊಮ್ಮಗನಿಗೆ ಸಾಕ್ಷಿಯಾಗಿ ತರುವಂತಿಲ್ಲ.

ಇನ್ನು ಮಿದುಳಿನ ಮಾತು. ಹುಟ್ಟಿದ ಕೂಸಿನ ಮಿದುಳು ಆರೇಳು ವರ್ಷಗಳಲ್ಲಿ ಗಾತ್ರದಲ್ಲಿ ಬಹುಮಟ್ಟಿಗೆ ಪೂರ್ತಿಯಾಗುತ್ತದೆ; ಆದುದರಿಂದ ಹದಿನೈದರ ಹುಡುಗನ ಮಿದುಳು ಮುಗಿದ ಕಟ್ಟಡವೆಂದೇ ಬಹುಕಾಲ ಭಾವಿಸಲಾಗಿತ್ತು. ಹಾಗಲ್ಲವೆಂದು ಈಗ ತಿಳಿದಿದೆ. ಒಳಗಿನ ಕೆಲಸ ಸುಮಾರು ಇಪ್ಪತ್ತೈದರ ವರೆಗೂ ನಡೆಯುತ್ತದೆ. ನರತಂತುಗಳ ನಡುವಣ ಕೂಡುದಾಣಗಳು ಬಾಲ್ಯದಲ್ಲಿ ಬೇಕಾದುದಕ್ಕಿಂತ ಹೆಚ್ಚಾಗಿ ಹುಟ್ಟಿರುತ್ತವೆ. ಹರೆಯದಲ್ಲಿ ಬಳಕೆಯಲ್ಲಿರುವುವು ಬಲಗೊಂಡು ಬಳಕೆಯಲ್ಲಿಲ್ಲದವು ಕಳಚಿಹೋಗುತ್ತವೆ. ಹತ್ತಿಯ ಹೊಲದಲ್ಲಿ ಸಸಿಗಳನ್ನು ತೆಳುಮಾಡುವ ರೈತನು ಉಳಿದವಕ್ಕೆ ಬಲ ಬರಲೆಂದೇ ಕೆಲವನ್ನು ಕೀಳುತ್ತಾನಷ್ಟೆ, ಅಂಥ ಕೆಲಸವಿದು. ಜೊತೆಗೆ ತಂತುಗಳ ಮೇಲೆ ಕೊಬ್ಬಿನ ಹೊದಿಕೆ ಬೆಳೆದು ಸುದ್ದಿಯ ಓಟ ಚುರುಕಾಗುತ್ತದೆ. ಈ ಕೆಲಸ ಹಿಂದಿನಿಂದ ಮುಂದಕ್ಕೆ ಸಾಗುತ್ತದೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಭಯ, ಕೋಪ, ಸುಖದಾಸೆಗಳ ಕೇಂದ್ರಗಳು ಮೊದಲು ಬಲಿಯುತ್ತವೆ; ಅವುಗಳನ್ನು ತಡೆಹಿಡಿದು, ‘ನಿಲ್ಲು, ಮುಂದೇನಾದೀತು ನೋಡು’ ಎನ್ನುವ ಹಣೆಯ ಹಿಂದಣ ಭಾಗ ಎಲ್ಲಕ್ಕಿಂತ ಕೊನೆಗೆ ಬಲಿಯುತ್ತದೆ. ಕುದುರೆ ಬಂದಿದೆ, ಕಡಿವಾಣ ಇನ್ನೂ ಕಮ್ಮಾರನ ಸಾಲೆಯಲ್ಲಿದೆ.

ಈ ಕೆಲಸವನ್ನು ಮೇಸ್ತ್ರಿಯಂತೆ ನಡೆಸುವ ಸಂದೇಶಗಳಲ್ಲಿ ಒಂದರ ಹೆಸರು ನಮ್ಮ ವಾಚಕರಿಗೆ ಸೋಜಿಗವೆನಿಸೀತು. ಗಾಂಜಾದ ಅಮಲಿಗೆ ಕಾರಣವಾದ ಟಿಎಚ್‌ಸಿ ಎಂಬ ದ್ರವ್ಯವನ್ನು ಇಸ್ರೇಲಿನ ರಫೇಲ್ ಮೆಕೋಲಂ ಮತ್ತು ಅವರ ಸಹೋದ್ಯೋಗಿ 1964ರಲ್ಲಿ ಬೇರ್ಪಡಿಸಿದರು. ಅದು ಮಿದುಳಿನಲ್ಲಿ ಹೋಗಿ ಕೂಡುವ ಗ್ರಾಹಕವೊಂದು ಉಂಟೆಂದು 1988ರಲ್ಲಿ ಗೊತ್ತಾಯಿತು. ಬೀಗವಿದ್ದ ಮೇಲೆ ದೇಹದ್ದೇ ಆದ ಕೀಲಿಯೂ ಇರಬೇಕಲ್ಲವೆ? ಅದನ್ನು ಹುಡುಕಿದ ಮೆಕೋಲಂ ಅವರ ತಂಡಕ್ಕೆ 1992ರಲ್ಲಿ ಅದು ಸಿಕ್ಕಿತು. ಅದಕ್ಕೆ ಅವರಿಟ್ಟ ಹೆಸರು ‘ಆನಂದಮೈಡ್’. ಸಂಸ್ಕೃತದ ಆನಂದಶಬ್ದದಿಂದಲೇ ತೆಗೆದದ್ದು. ಹೊರಗಿನ ಸೊಪ್ಪಿನಲ್ಲಿ ಹುಡುಕುವ ವಸ್ತುವಿನ ಮೂಲ ಮಾತೃಕೆ ನಮ್ಮೊಳಗೇ ಇದೆ! ಇಷ್ಟನ್ನೇ ಕೇಳಿ, ಶಾಸ್ತ್ರವೇ ಗಾಂಜಾದಲ್ಲಿ ಆನಂದವಿದೆಯೆಂದಿತು ಎಂದು ಹಿಗ್ಗುವವರನ್ನೂ ಕಂಡಿದ್ದೇನೆ. ಅವರು ಮುಂದಿನದನ್ನು ಕೇಳಿಸಿಕೊಳ್ಳುವುದಿಲ್ಲ. ದೇಹವು ತನ್ನ ಆನಂದಮೈಡನ್ನು ಬೇಕಾದ ಎಡೆಯಲ್ಲಿ, ಬೇಕಾದ ಕ್ಷಣಕ್ಕೆ, ಬೇಕಾದಷ್ಟೇ ಮಾಡಿಕೊಂಡು ಕೆಲಸವಾದೊಡನೆ ಅಳಿಸಿಬಿಡುತ್ತದೆ. ಗಾಂಜಾದ ದ್ರವ್ಯ ಹಾಗಲ್ಲ. ಅದು ಎಲ್ಲ ಬೀಗಗಳಲ್ಲಿಯೂ ಒಮ್ಮೆಗೇ ತೂರಿ, ಕೊಬ್ಬಿನಲ್ಲಿ ಅಡಗಿ, ನಿತ್ಯ ಸೇದುವವನ ದೇಹದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಕೆರೆಯ ತೂಬನ್ನು ನೀರುಗಂಟಿ ಎತ್ತಿದರೆ ಗದ್ದೆಗೆ ನೀರು. ಏರಿಯೇ ಒಡೆದರೂ ಅದೇ ನೀರು, ಆದರೆ ಗದ್ದೆ ಉಳಿಯದು. ಈ ಗ್ರಾಹಕಗಳು ಹೆಚ್ಚಾಗಿ ಇರುವುದಾದರೂ ಎಲ್ಲಿ? ನೆನಪಿನ ಸ್ಥಾನದಲ್ಲಿ, ಭಯ ಮತ್ತು ಭಾವದ ಸ್ಥಾನದಲ್ಲಿ, ಮತ್ತು ಇನ್ನೂ ಕಟ್ಟಿ ಮುಗಿಯದ ಆ ಮುಂಭಾಗದಲ್ಲಿ. ಉಸಿರಾಟದ ಕೇಂದ್ರದಲ್ಲಿ ಅವು ಅತಿ ವಿರಳ; ಆದುದರಿಂದಲೇ ಗಾಂಜಾ ಅಫೀಮಿನಂತೆ ಉಸಿರು ನಿಲ್ಲಿಸಿ ಕೊಲ್ಲುವುದಿಲ್ಲ. ಈ ಮಾತನ್ನು ನಾವು ಮಕ್ಕಳಿಂದ ಮುಚ್ಚಿಡಬಾರದು. ‘ಒಮ್ಮೆ ಸೇದಿದರೆ ಸಾಯುತ್ತೀ’ ಎಂದು ಹೆದರಿಸಿದ ತಂದೆಯ ಮಿಕ್ಕ ಮಾತನ್ನೂ, ಸೇದಿಯೂ ಸಾಯದ ಹುಡುಗನು ಸುಳ್ಳೆಂದೇ ಎಣಿಸುತ್ತಾನೆ.

ಇಂಥ ಹಾನಿ ನಿಜವಾಗಿ ಆಗುತ್ತದೆಯೇ ಎಂದು ತಿಳಿಯಬೇಕಾದರೆ ಮಕ್ಕಳನ್ನು ಚಿಕ್ಕಂದಿನಿಂದ ನಡುವಯಸ್ಸಿನ ವರೆಗೆ ಬಿಡದೆ ನೋಡುತ್ತಿರಬೇಕು. ಅಂಥ ತಾಳ್ಮೆಯ ಕೆಲಸ ನಡೆದಿರುವುದು ನ್ಯೂಜಿಲೆಂಡ್ ದೇಶದ ಡುನೆಡಿನ್ ಎಂಬ ಊರಿನಲ್ಲಿ. ಅಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಅವರ ಮೂರನೆಯ ವರ್ಷದಿಂದ ವಿದ್ವಾಂಸರು ಪರೀಕ್ಷಿಸುತ್ತ ಬಂದಿದ್ದಾರೆ. ಹದಿಹರೆಯದಲ್ಲಿಯೇ ಆರಂಭಿಸಿ ವರ್ಷಗಟ್ಟಲೆ ಗಾಂಜಾಕ್ಕೆ ಅಂಟಿಕೊಂಡವರ ಬುದ್ಧಿಸೂಚ್ಯಂಕವು ಹದಿಮೂರನೆಯ ವಯಸ್ಸಿಗೂ ಮೂವತ್ತೆಂಟಕ್ಕೂ ನಡುವೆ ಸರಾಸರಿ 8 ಅಂಕಗಳಷ್ಟು ಇಳಿದಿತ್ತೆಂದು 2012ರಲ್ಲಿ ಅವರು ಪ್ರಕಟಿಸಿದರು. ಪ್ರಾಯಕ್ಕೆ ಬಂದ ಮೇಲೆ ಆರಂಭಿಸಿದವರಲ್ಲಿ ಅಂಥ ಇಳಿತ ಕಾಣಲಿಲ್ಲ. ಹದಿನೈದರ ಒಳಗೇ ಸೇದಿದವರನ್ನು ಇಪ್ಪತ್ತಾರರಲ್ಲಿ ನೋಡಿದಾಗ, ನೂರಕ್ಕೆ ಸುಮಾರು 10 ಜನರಲ್ಲಿ ಚಿತ್ತವಿಕಲತೆಯ ಲಕ್ಷಣಗಳು ಕಂಡುಬಂದವು. ಸೇದದವರಲ್ಲಿ ಸುಮಾರು 3. ಸ್ವೀಡನ್ನಿನಲ್ಲಿ 1969-70ರಲ್ಲಿ ಸೈನ್ಯಕ್ಕೆ ಕರೆಯಲ್ಪಟ್ಟ 45,000ಕ್ಕೂ ಹೆಚ್ಚು ತರುಣರನ್ನು ಹದಿನೈದು ವರ್ಷ ಅನುಸರಿಸಿ ನೋಡಿ, ಐವತ್ತಕ್ಕಿಂತ ಹೆಚ್ಚು ಸಲ ಸೇದಿದ್ದವರಿಗೆ ಸ್ಕಿಜೋಫ್ರೇನಿಯಾ ರೋಗದ ಸಂಭವ ಆರು ಪಟ್ಟೆಂದು 1987ರಲ್ಲಿ ಹೇಳಿದ್ದರು.

ಈ ಅಂಕಿಗಳನ್ನು ವೇದವಾಕ್ಯವೆಂದು ಹಿಡಿಯುವುದೂ ಸಲ್ಲದು. ಡುನೆಡಿನ್ನಿನ ಆ ಮಕ್ಕಳಲ್ಲಿ ಕೆಲವರಿಗೆ ಹನ್ನೊಂದನೆಯ ವಯಸ್ಸಿನಲ್ಲಿಯೇ ಮನಸ್ಸಿನ ವಿಕಾರದ ಸೂಚನೆಗಳಿದ್ದುವು. ಅಮೆರಿಕದಲ್ಲಿ ಅವಳಿಗಳನ್ನು ಹೋಲಿಸಿ ನೋಡಿದವರು, ಸೇದಿದವನಿಗೂ ಸೇದದ ಅವನ ಜೊತೆಯವನಿಗೂ ಬುದ್ಧಿಯ ಇಳಿತದಲ್ಲಿ ಹೆಚ್ಚು ಭೇದವಿಲ್ಲವೆಂದು 2016ರಲ್ಲಿ ಬರೆದರು. ಮನೆಯ ಬಡತನ, ಕಲಹ, ಕೆಟ್ಟ ಸಹವಾಸ ಇವುಗಳ ಪಾಲು ಎಷ್ಟು, ಸೊಪ್ಪಿನ ಪಾಲು ಎಷ್ಟು ಎಂಬ ಚರ್ಚೆ ಮುಗಿದಿಲ್ಲ. ಸೇದಿದ ಬಾಲಕರೆಲ್ಲ ಹುಚ್ಚರಾಗುವುದಿಲ್ಲ, ಬಹುಮಂದಿ ಆಗುವುದಿಲ್ಲ. ಆದರೆ ಯಾರ ವಂಶದಲ್ಲಿ ಆ ಬೀಜವಿದೆಯೆಂದು ಹೊರಗಿನಿಂದ ಹೇಳಬಲ್ಲವರಾರು? ಚಿಕ್ಕಪ್ಪನೋ ಸೋದರಮಾವನೋ ಚಿತ್ತಸ್ವಾಸ್ಥ್ಯ ತಪ್ಪಿದ್ದ ಮನೆಗಳಲ್ಲಿ, ಮಾನಕ್ಕೆ ಅಂಜಿ ಅದನ್ನು ಮುಚ್ಚಿಡದೆ ಬೆಳೆದ ಮಕ್ಕಳಿಗೆ ತಿಳಿಸಿಡುವುದು ಒಳ್ಳೆಯದು.

ಬುದ್ಧಿಯ ಅಂಕಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಭಾವದ ಬೆಳವಣಿಗೆ. ಹದಿಮೂರರಿಂದ ಇಪ್ಪತ್ತರ ವರೆಗಿನ ಕಾಲದಲ್ಲಿ ಮನುಷ್ಯನು ಶಾಲೆಯಲ್ಲಿ ಕಲಿಯದ ಒಂದು ವಿದ್ಯೆಯನ್ನು ಕಲಿಯುತ್ತಾನೆ. ನಾಲ್ಕು ಜನರ ಮುಂದೆ ಆದ ಅವಮಾನವನ್ನು ನುಂಗಿಕೊಳ್ಳುವುದು, ಪರೀಕ್ಷೆಯಲ್ಲಿ ಬಿದ್ದ ರಾತ್ರಿಯನ್ನು ಕಳೆಯುವುದು, ಗೆಳೆಯನು ಕೈಬಿಟ್ಟಾಗ ಒಬ್ಬಂಟಿಯಾಗಿ ಕೂರುವುದು, ತಂದೆಯ ಮೇಲಣ ಕೋಪವನ್ನು ಮಾತಿಗೆ ತರುವುದು ಅಥವಾ ತಡೆಯುವುದು. ಇವನ್ನೆಲ್ಲ ಒಂದೊಂದಾಗಿ ಸಹಿಸಿ ದಾಟಿದಾಗ, ‘ಇದೂ ಕಳೆಯುತ್ತದೆ’ ಎಂಬ ನಂಬಿಕೆ ಒಳಗೆ ಹೆಪ್ಪುಗಟ್ಟುತ್ತದೆ. ಮಿದುಳಿನ ಮುಂಭಾಗಕ್ಕೂ ಭಯದ ಕೇಂದ್ರಕ್ಕೂ ನಡುವೆ ತಂತುಗಳು ಬಲಿಯುವುದೂ ಈ ವಯಸ್ಸಿನಲ್ಲಿಯೇ. ಪ್ರತಿಯೊಂದು ನೋವಿಗೂ ಹೊಗೆಯ ಮುಸುಕನ್ನು ಎಳೆಯುವವನಿಗೆ ಆ ಅಭ್ಯಾಸ ಸಿಗುವುದೇ ಇಲ್ಲ. ನೋವೇನೋ ಅಡಗುತ್ತದೆ, ಅದನ್ನು ದಾಟಿದವನು ಮಾತ್ರ ಹುಟ್ಟುವುದಿಲ್ಲ. ಇಪ್ಪತ್ತೈದನೆಯ ವರ್ಷದಲ್ಲಿ ಮೀಸೆ ಬಂದಿರುತ್ತದೆ, ನೌಕರಿ ಸಿಕ್ಕಿರುತ್ತದೆ, ಮದುವೆಯ ಮಾತು ನಡೆದಿರುತ್ತದೆ. ಒಳಗಿರುವ ಹೃದಯ ಇನ್ನೂ ಹದಿನೈದರ ಹುಡುಗನದು.

ಇನ್ನೊಂದು ವಿಪರ್ಯಾಸವಿದೆ. ಕಳವಳವನ್ನು ಕಳೆಯಲೆಂದು ಸೇದತೊಡಗಿದವನು ಬಿಟ್ಟ ದಿನ ಮೊದಲಿಗಿಂತ ಹೆಚ್ಚು ಕಳವಳಗೊಳ್ಳುತ್ತಾನೆ: ನಿದ್ರೆ ಬಾರದು, ಅನ್ನ ಸೇರದು, ಮಾತುಮಾತಿಗೆ ಸಿಡುಕು. ಆ ಸಿಡುಕು ತನ್ನ ಸ್ವಭಾವವೆಂದೇ ಅವನೂ ಮನೆಯವರೂ ನಂಬಿ, ಅದಕ್ಕೆ ಮತ್ತೆ ಅದೇ ಮದ್ದು! ಹನ್ನೊಂದು ಅಧ್ಯಯನಗಳ 23,000ಕ್ಕೂ ಹೆಚ್ಚು ಜನರ ವೃತ್ತಾಂತವನ್ನು ಕೂಡಿಸಿ ನೋಡಿದ 2019ರ ಒಂದು ಪರಿಶೀಲನೆಯಲ್ಲಿ, ಹದಿಹರೆಯದಲ್ಲಿ ಗಾಂಜಾ ಸೇದಿದವರಿಗೆ ಮುಂದೆ ಖಿನ್ನತೆಯ ಸಂಭವ ಸ್ವಲ್ಪ ಹೆಚ್ಚೆಂದೂ, ಆತ್ಮಹತ್ಯೆಯ ಪ್ರಯತ್ನದ ಸಂಭವ ಮೂರು ಪಟ್ಟಿಗೂ ಹೆಚ್ಚೆಂದೂ ಕಂಡುಬಂದಿತು.

ಶರಣರು ಷಟ್‌ಸ್ಥಲಗಳನ್ನು ಹೇಳಿದ್ದರ ಮರ್ಮವನ್ನು ಇಲ್ಲಿ ನೆನೆಯುವುದು ಉಚಿತ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಕ್ರಮದಲ್ಲಿ ಒಂದನ್ನು ಮೆಟ್ಟಿ ಇನ್ನೊಂದಕ್ಕೆ ಏರಬೇಕಾದುದು ಅನುಭಾವದ ದಾರಿ. ಶ್ರದ್ಧೆಯೂ ನಿಷ್ಠೆಯೂ ಮೈಗೂಡದೆ ಸಮರಸವಿಲ್ಲ. ಗಾಂಜಾ ಕೊಡುವ ಆಸೆಯೇನು? ಭಕ್ತಸ್ಥಲದ ಹೊಸ್ತಿಲನ್ನೂ ದಾಟದವನಿಗೆ ಐಕ್ಯಸ್ಥಲದ ಸುಖ. ಕೆಲವು ತರುಣರು ‘ಸೇದಿದಾಗ ನಾನೆಂಬುದು ಕರಗುತ್ತದೆ’ ಎಂದು ಗಂಭೀರವಾಗಿಯೇ ಹೇಳುತ್ತಾರೆ. ಅವರನ್ನು ನಾನು ಹಾಸ್ಯ ಮಾಡಲಾರೆ. ಆದರೆ ಕರಗಿಸಬೇಕಾದ ‘ನಾನು’ ಮೊದಲು ಗಟ್ಟಿಯಾಗಬೇಡವೆ? ಎರೆಯದ ಎರಕವನ್ನು ಕರಗಿಸುವವರುಂಟೆ?

ಈಗ ತಂದೆಮಕ್ಕಳ ಪ್ರಶ್ನೆಗೆ ಮರಳುತ್ತೇನೆ. ‘ಆರಿಸಿಕೊಂಡವನು ನಾನು’ ಎಂದ ಹುಡುಗನಿಗೆ ಹೇಳಬೇಕಾದುದು ಇದು: ತೂಗಿ ನೋಡುವ ತಕ್ಕಡಿಯನ್ನೇ ಒಲೆಗೆ ಹಾಕುವುದನ್ನು ತೂಕವೆನ್ನಲಾಗದು. ಇನ್ನು ಹತ್ತು ವರ್ಷಗಳ ಮೇಲೆ ನೀನಾಗುವ ಮನುಷ್ಯನೊಬ್ಬನಿದ್ದಾನೆ. ಈ ದೇಹ ಅವನದೂ ಹೌದು, ಅವನನ್ನು ಕೇಳದೆ ಅವನ ಆಸ್ತಿಯನ್ನು ನೀನು ಮಾರುತ್ತಿದ್ದೀಯೆ. ತಂದೆಗೆ ಹೇಳಬೇಕಾದುದು ಇನ್ನೂ ಕಠಿನ. ಕಡಿವಾಣವಿಲ್ಲದ ವಯಸ್ಸಿನವನ ತಪ್ಪನ್ನು ಕಡಿವಾಣವಿದ್ದವನ ತಪ್ಪಿನೊಡನೆ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ. ಹಾಗೆಂದು ಹುಡುಗನು ನಿರ್ದೋಷಿಯೆಂದೂ ನಾನು ಹೇಳುವುದಿಲ್ಲ. ಎಳೆಯ ಅರಿವೂ ಅರಿವೇ, ಅದಕ್ಕೆ ತಕ್ಕ ಹೊಣೆಯೂ ಉಂಟು. ಹದಿನಾರರ ಬಾಲಕನಿಗೆ ಸ್ವಂತ ವಿವೇಕ ಎಷ್ಟು ಕಡಮೆಯೋ ಅಷ್ಟು ವಿವೇಕವನ್ನು ಹೊರಗಿನಿಂದ ತುಂಬಿಕೊಡಬೇಕಾದವರು ಮನೆಯವರು. ಮನೆಯಿಂದ ಹೊರಗೆ ಹಾಕುವುದೆಂದರೆ, ಇದ್ದ ಆ ಒಂದು ಆಸರೆಯನ್ನೂ ಕಿತ್ತು, ಪೊಟ್ಟಣ ಮಾರುವವನ ಕೈಗೆ ಒಪ್ಪಿಸಿದಂತೆ.

ಆಶೆಗೆ ಎಡೆಯೂ ಇದೆ. ನೆನಪು ಗಮನಗಳ ಮೇಲಣ ಕೆಡುಕಿನಲ್ಲಿ ಹೆಚ್ಚಿನ ಪಾಲು ಬಿಟ್ಟ ಮೇಲೆ ತಗ್ಗುತ್ತದೆಂದು 2018ರ ಅಧ್ಯಯನಗಳು ತೋರಿಸಿವೆ; ಒಂದು ತಿಂಗಳು ಬಿಟ್ಟಿದ್ದ ತರುಣರಲ್ಲಿ ಹೊಸ ಪಾಠವನ್ನು ನೆನಪಿಡುವ ಶಕ್ತಿ ಮೊದಲ ವಾರದಲ್ಲಿಯೇ ಚೇತರಿಸಿತ್ತು. ಸಿಡುಕು ಎರಡು ವಾರಗಳ ಹೊತ್ತಿಗೆ ಬಹುಮಟ್ಟಿಗೆ ಇಳಿಯುತ್ತದೆ. ಆ ಎರಡು ವಾರ ಮನೆಯವರು ಹುಡುಗನ ಒರಟು ಮಾತನ್ನು ರೋಗಿಯ ಮಾತೆಂದು ಸಹಿಸಬೇಕು. ಇದಕ್ಕೆಂದೇ ಮಾಡಿದ ಗುಳಿಗೆ ಇಲ್ಲ. ಸಮಾಲೋಚನೆಯೇ ಮುಖ್ಯ ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ಒಂದು ವಿಭಾಗವಿದೆ. ದೂರದ ಊರಿನವರು 14446 ಅಥವಾ 14416 ಸಂಖ್ಯೆಗೆ ದೂರವಾಣಿ ಮಾಡಿ ಖರ್ಚಿಲ್ಲದೆ ಸಲಹೆ ಕೇಳಬಹುದು. ಪೋಲೀಸರ ಭಯದಿಂದ ವೈದ್ಯರ ಬಳಿ ಹೋಗದವರೂ ಉಂಟು. ಅಲ್ಪಪ್ರಮಾಣದಲ್ಲಿ ಸಿಕ್ಕಿಬಿದ್ದ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ ವಿಧಿಯೊಂದು ಆ ಕಾಯಿದೆಯಲ್ಲಿಯೇ, 64ಎ ಎಂಬ ಕಲಮಿನಲ್ಲಿ, ಇದೆಯೆಂಬುದನ್ನು ಅವರು ತಿಳಿದಿರಬೇಕು.

ನಮ್ಮ ಮಠಗಳಿಗೂ ಈ ಕೆಲಸ ಹೊಸದಲ್ಲ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಮಹಾಂತಸ್ವಾಮಿಗಳು 1975ರಿಂದ ಊರೂರು ತಿರುಗಿ ‘ಮಹಾಂತ ಜೋಳಿಗೆ’ ಒಡ್ಡಿದರು. ಅಕ್ಕಿ ಕೇಳಲಿಲ್ಲ, ಹಣ ಕೇಳಲಿಲ್ಲ. ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ ಎಂದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆಯ ಮುಂದೆ ನಿಂತವನನ್ನು ‘ಭ್ರಷ್ಟ, ಆಚೆ ಹೋಗು’ ಎನ್ನುವ ಪದ್ಧತಿಯಿರಲಿಲ್ಲ. ಆಚೆ ಹೋದವನು ಜೋಳಿಗೆಗೆ ಹಾಕುವುದಾದರೂ ಹೇಗೆ?

ಆ ಗೃಹಸ್ಥರು ಅಂದು ಮಗನನ್ನು ಮನೆಗೇ ಕರೆದುಕೊಂಡು ಹೋದರು. ದೀಪಾವಳಿಯ ಮೇಲೆ ಮತ್ತೆ ಬಂದಿದ್ದರು. ಬಿಟ್ಟು ನಲವತ್ತು ದಿನವಾಗಿತ್ತು, ನಡುವೆ ಒಮ್ಮೆ ಸೇದಿದ್ದನು. ಅದನ್ನು ತಾನೇ ತಂದೆಗೆ ಹೇಳಿದ್ದನಂತೆ. ತಂದೆ ಹೊಡೆಯಲಿಲ್ಲವಂತೆ. ಹುಡುಗನು ನನ್ನ ಬಳಿ ಬಂದು ಕುಳಿತು, ರಾತ್ರಿ ಇನ್ನೂ ನಿದ್ರೆ ಸರಿಯಾಗಿ ಬರುವುದಿಲ್ಲವೆಂದೂ, ಸಂಜೆಯ ಪಾಠಕ್ಕೆ ತಾನೂ ಬಂದು ಕೂರಬಹುದೇ ಎಂದೂ ಕೇಳಿದನು. ಬಾ ಎಂದೆ. ಈಗ ವಾರಕ್ಕೆ ಮೂರು ದಿನ ಬರುತ್ತಾನೆ. ಹಿಂದಿನ ಸಾಲಿನಲ್ಲಿ, ಕಂಬಕ್ಕೆ ಒರಗಿ ಕೂರುತ್ತಾನೆ.